ವೈಫೈ ಓಡುತ್ತೆ, ನೆಟ್‌ವರ್ಕ್ ಇಲ್ಲ: ಈ ಹಳೇ ಫೋನ್ ಕೊಳ್ಳಬಹುದಾ?

ಪ್ರಶ್ನೆ: ಸಿಮ್ ಹಾಕಿದರೆ ‘ನೋ ಸರ್ವಿಸ್’. ಅನ್‌ಲಾಕ್ ಮಾಡಿಸಿದರೆ ಸರಿಹೋಗುತ್ತೆ ಅಂತಾರೆ ಮಾರುವವರು. ನಂಬಬಹುದಾ?

ಉತ್ತರ 1: ಲಾಕ್ ಬೇರೆ, ಬ್ಲಾಕ್ ಬೇರೆ. ಒಂದೇ ಕಂಪನಿಯ ಸಿಮ್‌ಗೆ ಲಾಕ್ ಆಗಿದ್ದರೆ, ಬೇರೆ ಕಂಪನಿಯ ಸಿಮ್‌ಗೆ ಕೋಡ್ ಕೇಳುತ್ತೆ, ಇಲ್ಲವೇ ‘ಸಿಮ್ ನಾಟ್ ಸಪೋರ್ಟೆಡ್’ ಅನ್ನುತ್ತೆ, ಅದನ್ನು ಬಿಡಿಸಬಹುದು. ಕಳವು ಅಥವಾ ಕಂತು ಬಾಕಿಯಿಂದ ಐಎಂಇಐ (ಫೋನ್‌ನ ಗುರುತಿನ ಸಂಖ್ಯೆ) ಕಪ್ಪುಪಟ್ಟಿಗೆ ಸೇರಿ ಬ್ಲಾಕ್ ಆಗಿದ್ದರೆ ಅನ್‌ಲಾಕ್ ಕೋಡ್‌ನಿಂದ ಏನೂ ಆಗಲ್ಲ.

ಉತ್ತರ 2: *#06# ಒತ್ತಿ. ಬರುವ 15 ಅಂಕಿಯ ಐಎಂಇಐ ಡಬ್ಬಿ ಮೇಲಿನದಕ್ಕೆ ತಾಳೆಯಾಗಬೇಕು. ಅದು ಕಪ್ಪುಪಟ್ಟಿಯಲ್ಲಿದೆಯಾ ಅಂತ ಪರೀಕ್ಷಿಸಿ; ಎರಡು ಸಿಮ್‌ನ ಫೋನಾದರೆ ಎರಡೂ ಸಂಖ್ಯೆ ಪರೀಕ್ಷಿಸಿ. ಇವತ್ತು ಕ್ಲೀನ್ ಅಂತ ಬಂದರೂ, ಮಾರಿದವರು ಕಂತು ನಿಲ್ಲಿಸಿದರೆ ಆಮೇಲೆ ಬ್ಲಾಕ್ ಆಗಬಹುದು. ಮೂಲ ಬಿಲ್, ಸಾಲ ತೀರಿದ ಪತ್ರ ಎರಡೂ ಕೇಳಿ.

ಉತ್ತರ 3: ‘ಐಎಂಇಐ ಬದಲಿಸಿ ಕೊಡ್ತೀವಿ’ ಅನ್ನುವವರ ಹತ್ತಿರ ಸುಳಿಯಲೇಬೇಡಿ. ಹಲವು ದೇಶಗಳಲ್ಲಿ ಅದು ಅಪರಾಧ.