ಅಪ್‌ಡೇಟ್: ಕ್ವಾರಂಟೈನ್ ಕೋಣೆಯಲ್ಲಿ ತೈಲವರ್ಣದ ಕೆಲಸ

ಒಂದೇ ಕೋಣೆಯಲ್ಲಿ ಕ್ವಾರಂಟೈನ್ ಆಗಿರುವಾಗ ಬಣ್ಣ ತೆಳುವಾಗಿಸುವ ದ್ರಾವಕವಾದ ಟರ್ಪೆಂಟೈನ್‌ನ ಘಾಟಿಲ್ಲದೆ ತೈಲವರ್ಣದ ಕೆಲಸ ಮುಂದುವರಿಸುವುದು ಹೇಗೆ, ರದ್ದಾದ ಪ್ರದರ್ಶನದ ಆದಾಯಕ್ಕೆ ಬದಲಿ ಏನು ಎಂದು ಹಿಂದೆ ಇಲ್ಲಿ ಕೇಳಿದ್ದೆ. ಈಗ ಹೊರಬಂದಿದ್ದೇನೆ.

ಗೆದ್ದದ್ದು ದ್ರಾವಕವನ್ನೇ ಬಿಟ್ಟುಬಿಡಿ ಎಂದವರ ಸಲಹೆ. ಬಣ್ಣ ಸಡಿಲಿಸಲು ಅಗಸೆ ಎಣ್ಣೆ, ಕುಂಚ ಶುಚಿಮಾಡಲು ಮೊದಲು ಎಣ್ಣೆ, ಆಮೇಲೆ ಸಾಬೂನು. ತಲೆನೋವು ಮಾಯ. ಆದರೆ ಅಗಸೆ ಎಣ್ಣೆ ಆವಿಯಾಗಿ ಒಣಗುವುದಿಲ್ಲ, ಗಾಳಿಯ ಆಮ್ಲಜನಕದೊಂದಿಗೆ ಸೇರಿ ಗಟ್ಟಿಯಾಗುತ್ತದೆ. ಆಗ ಶಾಖ ಹುಟ್ಟುತ್ತದೆ. ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನಾಗಿಯೇ ಹೊತ್ತಿಕೊಳ್ಳಬಹುದು! ಇಷ್ಟು ವರ್ಷ ಕುಂಚ ಹಿಡಿದರೂ ಇದನ್ನು ಯಾರೂ ಹೇಳಿರಲಿಲ್ಲ. ಹರಡಿ ಒಣಗಿಸಿ, ಇಲ್ಲವೇ ನೀರು ತುಂಬಿದ, ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿಡಿ.

ಕಪ್ಪು ಮುಗಿದಾಗ ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ (ಕೆಂಗಂದು ಬಣ್ಣ) ಬೆರೆಸಿ ಎಂದವರಿಗೂ ಋಣಿ. ಆ ಕಪ್ಪಿಗೆ ಟ್ಯೂಬಿನ ಕಪ್ಪಿಗಿಂತ ಹೆಚ್ಚು ಜೀವವಿದೆ.

ಗಂಟೆಗಂಟೆಯ ವೇಳಾಪಟ್ಟಿ ಹಾಕಿಕೊಳ್ಳಿ ಎಂಬ ಸಲಹೆ ನನಗೆ ಹಿಡಿಸಲಿಲ್ಲ. ನೇರಪ್ರಸಾರದಲ್ಲಿ ಚಿತ್ರ ಬಿಡಿಸಿದ್ದೂ ಅಷ್ಟಕ್ಕಷ್ಟೆ: ನೋಡುವವರಿದ್ದರು, ಕೊಳ್ಳುವವರಿರಲಿಲ್ಲ. ಹಳೆಯ ಗ್ರಾಹಕರಿಗೆ ಸಣ್ಣ ಚಿತ್ರಗಳ ಫೋಟೊ ನೇರವಾಗಿ ಕಳುಹಿಸಿ ಎಂಬ ಸಲಹೆ ಫಲಿಸಿತು, ಕೆಲವು ಮಾರಾಟವಾದವು. ಬಣ್ಣ ಒಣಗುವವರೆಗೆ ಕಾಯಲು ಕೊಂಡವರು ಒಪ್ಪಿದ್ದಾರೆ.