ಸಗಣಿ ನೀರು ಹುಲ್ಲಿಗೆ ಬಿಟ್ಟರೆ ಅನಿಲ ಜಾಸ್ತಿಯಾ? ಅನುಭವ ಇದ್ದವರು ಹೇಳಿ

ಕೇಳಿದವರು, ಚನ್ನರಾಯಪಟ್ಟಣ ಕಡೆ
ನಮಸ್ಕಾರ. ನಾಲ್ಕು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ತಳಿ) ಹಸು, ಅರ್ಧ ಎಕರೆ ನೇಪಿಯರ್ ಮೇವಿನ ಹುಲ್ಲು ಇದೆ. ಕೊಟ್ಟಿಗೆ ತೊಳೆದ ನೀರು, ಗಂಜಲ, ಸಗಣಿ ಎಲ್ಲಾ ಒಂದೇ ಕಾಲುವೆಯಲ್ಲಿ ಹುಲ್ಲಿಗೆ ಹೋಗುತ್ತೆ. ಎಂಟು ವರ್ಷದಿಂದ ಹೀಗೇ. ಈಗ ಬಿಎಸ್ಸಿ ಓದುವ ಮಗಳು "ಅಪ್ಪಾ, ಇದರಿಂದ ಭೂಮಿ ಬಿಸಿ ಮಾಡೋ ಅನಿಲ ಬರುತ್ತೆ" ಅಂತಾಳೆ. ಹುಲ್ಲಿಗೆ ಗೊಬ್ಬರ ಹಾಕೋದೂ ತಪ್ಪಾ? ಏನು ಬದಲಾಯಿಸಲಿ? ಖರ್ಚು ಕಡಿಮೆ ಇರಲಿ.

ಮದ್ದೂರು ಹತ್ತಿರದಿಂದ
ಅಣ್ಣಾ, ಮಗಳು ಹೇಳಿದ್ದು ನಿಜ. ಆದರೆ ಮೊದಲು ಹೊಲಕ್ಕೆ ಹೋಗಿ ನೋಡಿ. ಕಾಲುವೆ ಬಾಯಿ ಹತ್ತಿರ ಹುಲ್ಲು ಕರೀ ಹಸಿರಾಗಿ, ಮೆತ್ತಗೆ ಬೆಳೆದು ಮಲಗಿರುತ್ತೆ. ಕೊನೇ ಸಾಲು ಹಳದಿ. ನಮ್ಮಲ್ಲೂ ಹಾಗೇ ಇತ್ತು. ಗೊಬ್ಬರವೆಲ್ಲಾ ನಾಲ್ಕು ಸಾಲಿಗೇ ಸುರಿದ ಹಾಗೆ ಆಗಿತ್ತು.

ಗಂಜಲದ ಸಾರಜನಕ ಬಹುಪಾಲು ಯೂರಿಯಾ ರೂಪದಲ್ಲೇ ಇರುತ್ತೆ. ಹುಲ್ಲು ಎಳೆದುಕೊಳ್ಳುವಷ್ಟಕ್ಕಿಂತ ಜಾಸ್ತಿ ಬಿದ್ದು, ಮಣ್ಣು ನೀರು ಕುಡಿದು ಗಾಳಿ ಆಡದಂತಾದರೆ, ಸೂಕ್ಷ್ಮಜೀವಿಗಳು ಅದರಲ್ಲಿ ಒಂದಷ್ಟನ್ನು ನೈಟ್ರಸ್ ಆಕ್ಸೈಡ್ ಅನ್ನೋ ಅನಿಲ ಮಾಡಿಬಿಡುತ್ತವೆ. 100 ವರ್ಷದ ಲೆಕ್ಕದಲ್ಲಿ ಅದು ಅಷ್ಟೇ ತೂಕದ ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 270 ಪಟ್ಟು ಜಾಸ್ತಿ ಬಿಸಿ ಹಿಡಿಯುತ್ತೆ. ಸಗಣಿ ಕೊಳೆತಾಗ ಬರೋ ಮೀಥೇನ್ ಆದರೆ 28 ಪಟ್ಟಿನ ಆಸುಪಾಸು. ಎಲ್ಲರೂ ಸಗಣಿಯನ್ನೇ ಬೈತಾರೆ, ಆದರೆ ಹುಲ್ಲಿನ ಹೊಲದಲ್ಲಿ ಗಂಜಲವೇ ದೊಡ್ಡ ಆಸಾಮಿ.

ನಾನು ಮಾಡಿದ್ದು ಇಷ್ಟೇ. ಗಂಜಲ ಬೇರೆ, ತೊಳೆದ ನೀರು ಬೇರೆ ಮಾಡಿದೆ. ಕಟಾವು ಆಗಿ ಕೂಳೆ ಚಿಗುರುವಾಗ ಮಾತ್ರ ಗಂಜಲಕ್ಕೆ ನೀರು ಬೆರೆಸಿ, ಸಂಜೆ ಹೊತ್ತು, ಒಂದೊಂದು ಸಲ ಒಂದೊಂದು ಸಾಲಿಗೆ ಬಿಡ್ತೀನಿ. ಮಳೆ ಬರೋ ಹಾಗಿದ್ದರೆ ಬಿಡಲ್ಲ. ಅಂಗಡಿ ಯೂರಿಯಾ ಅರ್ಧಕ್ಕರ್ಧ ಇಳಿದಿದೆ. ಗಾಳಿಗೆ ಹೋಗೋದು ನಮ್ಮ ದುಡ್ಡೇ ಅಲ್ವಾ?

ತೀರ್ಥಹಳ್ಳಿಯಿಂದ
ನಮ್ಮ ಕಡೆ ಕೊಟ್ಟಿಗೆಗೆ ತರಗೆಲೆ, ಸೊಪ್ಪು ಹಾಸೋದು ಹಳೇ ಪದ್ಧತಿ. ಗಂಜಲ ಅದರಲ್ಲೇ ಇಂಗುತ್ತೆ, ಕಾಲುವೆಯ ಮಾತೇ ಇಲ್ಲ. ಸಗಣಿ ನೀರಲ್ಲಿ ಕೊಳೆತರೆ ಮೀಥೇನ್ ಜಾಸ್ತಿ, ಗಾಳಿ ಆಡುವ ತಿಪ್ಪೆಯಲ್ಲಿ ಕಡಿಮೆ. ಆದರೆ ಮಳೆಗಾಲದಲ್ಲಿ ತಿಪ್ಪೆ ಮುಚ್ಚಲೇಬೇಕು. ಒಂದು ವರ್ಷ ಸೋಮಾರಿತನ ಮಾಡಿ ತೆರೆದೇ ಬಿಟ್ಟಿದ್ದೆ. ಆಷಾಢದಲ್ಲಿ ತಿಪ್ಪೆ ಕೆಸರಾಗಿ, ಕಪ್ಪು ನೀರು ತೋಡಿಗೆ ಹರಿದುಹೋಯ್ತು.

ಅರಸೀಕೆರೆ ಕಡೆಯಿಂದ
ಗೋಬರ್ ಗ್ಯಾಸ್ ಹಾಕಿಸಿ. 2 ಘನ ಮೀಟರ್ ಘಟಕಕ್ಕೆ ದಿನಕ್ಕೆ ಸುಮಾರು 50 ಕೆ.ಜಿ. ಸಗಣಿ ಬೇಕು, ನಾಲ್ಕು ಹಸು ಸಾಕು. ಮೀಥೇನ್ ಒಲೆಯಲ್ಲಿ ಉರಿದುಹೋಗುತ್ತೆ.

ಒಂದು ಎಚ್ಚರಿಕೆ. ನಮ್ಮದು ದೀನಬಂಧು ಮಾದರಿ, ಅಂದರೆ ಗ್ಯಾಸ್ ಕೂಡುವ ಗುಮ್ಮಟ ಅಲುಗಾಡದ್ದು. ನೆಂಟರ ಮದುವೆಗೆ ಹತ್ತು ದಿನ ಮನೆಗೆ ಬೀಗ. ಹಸು ನೋಡಿಕೊಂಡ ಹುಡುಗ ದಿನಾ ಸಗಣಿ ಕಲಸಿ ಹಾಕಿದ್ದಾನೆ, ಒಲೆ ಹಚ್ಚುವವರು ಯಾರೂ ಇಲ್ಲ. ಬಂದು ನೋಡಿದರೆ ಬಗ್ಗಡ (ಗ್ಯಾಸ್ ಬಿಟ್ಟ ಮೇಲೆ ಉಳಿಯುವ ಸಗಣಿ ನೀರು) ಹೊರಬರುವ ಕಡೆ ಗುಳುಗುಳು ಅಂತ ಗುಳ್ಳೆ! ಗ್ಯಾಸ್ ಎಲ್ಲಾ ಅಲ್ಲಿಂದಲೇ ಗಾಳಿಗೆ. ಉರಿಸದಿದ್ದರೆ ಘಟಕ ಇದ್ದೂ ಪ್ರಯೋಜನವಿಲ್ಲ. ಪೈಪಿನ ಜಾಯಿಂಟಿಗೆ ಆಗಾಗ ಸೋಪಿನ ನೊರೆ ಹಚ್ಚಿ ನೋಡಿ. ಬಗ್ಗಡವನ್ನೂ ಒಂದೇ ಕಡೆ ಸುರಿಯಬೇಡಿ, ಮದ್ದೂರಿನವರು ಗಂಜಲಕ್ಕೆ ಹೇಳಿದ್ದೇ ಅದಕ್ಕೂ.

ನೆದರ್ಲೆಂಡ್ಸ್‌ನಲ್ಲಿರುವ ಕನ್ನಡಿಗ
ಇಲ್ಲಿ ಸ್ಲರಿಯನ್ನು (ಸಗಣಿ, ಗಂಜಲ ಬೆರೆತ ಬಗ್ಗಡ) ಹುಲ್ಲಿನ ಮೇಲೆ ಸುಮ್ನೆ ಚೆಲ್ಲುವಂತಿಲ್ಲ. ಮಣ್ಣಿನಲ್ಲಿ ಗೀರು ಕೊರೆದು ಒಳಗೆ ಬಿಡುತ್ತಾರೆ, ಚಳಿಗಾಲದಲ್ಲಿ ಹಾಕಲೇಬಾರದು. ಹೀಗೆ ಒಳಗೆ ಬಿಟ್ಟರೆ ಅಮೋನಿಯಾ ಗಾಳಿಗೆ ಹೋಗೋದು ಕಡಿಮೆ, ವಾಸನೆಯೂ ಕಡಿಮೆ. ಆದರೆ ಉಳಿದ ಸಾರಜನಕ ಮಣ್ಣಿಗೆ ಸೇರುವುದರಿಂದ ಕೆಲವೊಮ್ಮೆ ನೈಟ್ರಸ್ ಆಕ್ಸೈಡ್ ಏರುತ್ತೆ. ಹಾಗಾಗಿ ಹಾಕುವ ಪ್ರಮಾಣವನ್ನೇ ಇಳಿಸಬೇಕು. ಇನ್ನೊಂದು ಮಾತು, ಹಸು ತೇಗಿ ಹೊರಬಿಡುವ ಮೀಥೇನ್ ಸಗಣಿಯದಕ್ಕಿಂತ ತುಂಬಾ ಜಾಸ್ತಿ. ಮಗಳಿಗೆ ಅದನ್ನೂ ಹೇಳಿ, ಸಗಣಿ ಒಂದರ ಮೇಲೇ ಹೊರೆ ಬೇಡ!

ಕೇಳಿದವರು
ಹೋಗಿ ನೋಡಿದೆ. ಮದ್ದೂರಿನವರು ಹೇಳಿದ ಹಾಗೇ ಇದೆ, ಕೊನೇ ಮೂರು ಸಾಲು ಹಳದಿ. ಮೊದಲು ಗಂಜಲ ಬೇರೆ ಮಾಡ್ತೀನಿ. 200 ಲೀಟರ್ ಹಳೇ ಡ್ರಮ್ ಇದೆ, ಸಾಕಾ?

ಮದ್ದೂರು ಹತ್ತಿರದಿಂದ
ನಾಲ್ಕು ಹಸುವಿಗೆ ನಾಲ್ಕೈದು ದಿನಕ್ಕೆ ತುಂಬುತ್ತೆ. ತುಂಬಿದಾಗೆಲ್ಲಾ ಸಾಲು ಬದಲಾಯಿಸಿ. ಶುರು ಹಳದಿ ಸಾಲಿನಿಂದ ಮಾಡಿ, ಮುಚ್ಚಳ ಮಾತ್ರ ತೆರೆದಿಡಬೇಡಿ.