ಮಿಗ್-21 ಮಾಡೆಲ್ ಮೇಲೆ ಬಣ್ಣ ಸುಕ್ಕುಗಟ್ಟಿದೆ, ತೆಗೆಯೋದು ಹೇಗೆ?

ಗೇಣುವಿಮಾನ (ಮೈಸೂರು):
ನಮಸ್ಕಾರ. 1:72 ಅಳತೆಯ ಮಿಗ್-21 ಎಫ್‌ಎಲ್ ಯುದ್ಧವಿಮಾನದ ಪ್ಲಾಸ್ಟಿಕ್ ಕಿಟ್ ಜೋಡಿಸಿದ್ದೇನೆ. ಹೆಚ್ಚುಕಮ್ಮಿ ಒಂದು ಗೇಣುದ್ದ. ಅಪ್ಪ ತೇಜ್‌ಪುರದಲ್ಲಿ ಈ ವಿಮಾನಗಳ ಎಂಜಿನ್ ಬಿಚ್ಚಿ ಕಟ್ಟಿದವರು. ಅವರಿಗೆ ಕೊಡೋಣ ಅಂತ ಎರಡು ತಿಂಗಳು ಕೂತು ಮಾಡಿದ್ದು.

ಮೊದಲು ಬೂದು ಎನಾಮೆಲ್ ಬ್ರಷ್‌ನಲ್ಲಿ ಹಚ್ಚಿದೆ. ಮಾರನೇ ದಿನ ಮುಟ್ಟಿದರೆ ಒಣಗಿತ್ತು. ಅದರ ಮೇಲೆ ಕಾರಿಗೆ ಹೊಡೆಯುವ ಬೆಳ್ಳಿ ಬಣ್ಣದ ಲ್ಯಾಕರ್ ಸ್ಪ್ರೇ ಹೊಡೆದೆ. ನೋಡ್ತಾ ನೋಡ್ತಾ ಎಡ ರೆಕ್ಕೆ ಕಾಯಿಸಿದ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿತು. ಪ್ಯಾನೆಲ್ ಗೆರೆಗಳೆಲ್ಲ (ಲೋಹದ ಹಾಳೆಗಳು ಸೇರುವ ಕಡೆಯ ಸಣ್ಣ ಗೀರುಗಳು) ಮುಚ್ಚಿಹೋಗಿವೆ. ತುಂಬಾ ಬೇಜಾರಾಗಿದೆ. ಬಾಗಿಲಿಗೆ ಬಣ್ಣ ಹೊಡೆದಾಗ ಉಳಿದ ಥಿನ್ನರ್ ಇದೆ. ಅದರಲ್ಲಿ ಅದ್ದಬಹುದಾ?

ಸ್ಪ್ರೂಕತ್ತರಿ:
ಥಿನ್ನರ್ ಬೇಡ, ದಯವಿಟ್ಟು! ಕಿಟ್ ಪ್ಲಾಸ್ಟಿಕ್ ಅಂದರೆ ಪಾಲಿಸ್ಟೈರೀನ್. ಅದೂ ಕರಗುತ್ತದೆ. ನನ್ನ ಮೊದಲ ಮಾಡೆಲ್‌ನ ಬಾಲ ಹೀಗೇ ಮೆತ್ತಗಾಗಿ ಬೆರಳಿಗೆ ಅಂಟಿಕೊಂಡಿತ್ತು. ಅಸಿಟೋನ್ ಇರುವ ನೈಲ್ ಪಾಲಿಶ್ ರಿಮೂವರೂ ಬೇಡ.

ಎನಾಮೆಲ್ ಒಂದು ದಿನಕ್ಕೆ ಮೇಲೆ ಒಣಗುತ್ತದೆ, ಒಳಗೆ ಹಸಿಯಾಗೇ ಇರುತ್ತದೆ. ಲ್ಯಾಕರ್‌ನ ದ್ರಾವಕ ಒಳಗಿಳಿದು ಅದನ್ನು ಉಬ್ಬಿಸಿದೆ, ಅಷ್ಟೇ. ಕೆಳಗೆ ಲ್ಯಾಕರ್, ಮೇಲೆ ಎನಾಮೆಲ್ ಆಗಿದ್ದರೆ ತೊಂದರೆ ಇರುತ್ತಿರಲಿಲ್ಲ.

99% ಐಸೊಪ್ರೊಪೈಲ್ ಆಲ್ಕೋಹಾಲ್ ತನ್ನಿ. ಸರ್ಕ್ಯೂಟ್ ಬೋರ್ಡ್ ಒರೆಸಲು ಬಳಸುತ್ತಾರಲ್ಲ, ಅದೇ. ನಾನು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ತರುತ್ತೇನೆ. ಮೊದಲು ಉಳಿದ ಸ್ಪ್ರೂ (ಕಿಟ್‌ನ ಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟು) ತುಂಡಿನ ಮೇಲೆ ಪರೀಕ್ಷೆ ಮಾಡಿ. ಕ್ಯಾನೊಪಿ, ಅಂದರೆ ಪೈಲಟ್ ಕೂರುವ ಜಾಗದ ಮುಚ್ಚಳ, ಬಿಚ್ಚಿಡಿ, ಪಾರದರ್ಶಕ ಪ್ಲಾಸ್ಟಿಕ್ ಸಣ್ಣಗೆ ಬಿರುಕು ಬಿಡಬಹುದು. ಮುಚ್ಚಳದ ಡಬ್ಬದಲ್ಲಿ ರಾತ್ರಿಯಿಡೀ ನೆನೆಸಿ, ಮೆತ್ತನೆ ಟೂತ್‌ಬ್ರಷ್‌ನಲ್ಲಿ ಉಜ್ಜಿ. ಕಿಟಕಿ ತೆರೆದಿರಲಿ. ಒಲೆ ಹತ್ತಿರ ಬೇಡವೇ ಬೇಡ.

ಹಳೇಬ್ರಷ್:
ಆಲ್ಕೋಹಾಲ್‌ಗೆ ಎನಾಮೆಲ್ ಪೂರ್ತಿ ಬಗ್ಗೋದಿಲ್ಲ. ಉಳಿದದ್ದಕ್ಕೆ ಡೆಟಾಲ್, ನೀರು ಬೆರೆಸದೆ, ಒಂದು ರಾತ್ರಿ. ಕೈಗೆ ಗ್ಲೋವ್ಸ್ ಇರಲಿ. ಬಣ್ಣ ಇರುವಾಗ ಮಾತ್ರ ನೀರು ತಾಗಿಸಬೇಡಿ, ಎಲ್ಲ ಸೇರಿ ಹಲಸಿನ ಮೇಣದ ಹಾಗೆ ಅಂಟಾಗುತ್ತದೆ. ಡೆಟಾಲ್‌ನಲ್ಲೇ ಉಜ್ಜಿ, ಹೊಸ ಡೆಟಾಲ್‌ನಲ್ಲಿ ಅದ್ದಿ ತೆಗೆದು, ಆಮೇಲೆ ಪಾತ್ರೆ ಸೋಪಿನಲ್ಲಿ ತೊಳೆಯಿರಿ.

ಗೇಣುವಿಮಾನ:
ಇಬ್ಬರಿಗೂ ತುಂಬಾ ಧನ್ಯವಾದ. ಬೆಳ್ಳಿ ಬಣ್ಣ ಆಲ್ಕೋಹಾಲ್‌ನಲ್ಲೇ ಈರುಳ್ಳಿ ಸಿಪ್ಪೆಯ ಹಾಗೆ ಎದ್ದು ಬಂತು. ಬೂದು ಬಣ್ಣ ಮಾತ್ರ ಗೆರೆಗಳೊಳಗೆ ಕೂತಿತ್ತು. ಡೆಟಾಲ್, ಟೂತ್‌ಪಿಕ್, ಎರಡು ಸಂಜೆ. ಈಗ ರೆಕ್ಕೆಯ ಒಂದೊಂದು ಗೆರೆಯೂ ಕಾಣುತ್ತಿದೆ!

ಮನೆಯೆಲ್ಲ ಡೆಟಾಲ್ ವಾಸನೆ, ಅಪ್ಪನಿಗೆ ಗೊತ್ತಾಗಿಯೇ ಹೋಯಿತು. ಬಂದು ಮಾಡೆಲನ್ನು ತಿರುಗಿಸಿ, ಹೊಟ್ಟೆಯಡಿಯ ಏರ್‌ಬ್ರೇಕ್ ಮೇಲೆ ಉಗುರು ಇಟ್ಟು ಸುಮ್ನೆ ಸ್ವಲ್ಪ ಹೊತ್ತು ನಿಂತರು. "ಪೂರ್ತಿ ಬೆಳ್ಳಿ ಮಾಡಬೇಡ, ಬಾಲದ ತುದಿ ಬಿಸಿಗೆ ಬಣ್ಣ ತಿರುಗಿರುತ್ತದೆ" ಅಂದರು.

ಈ ಸಲ ಎನಾಮೆಲ್ ಇಲ್ಲ, ಕೆಳಗೂ ಕಪ್ಪು ಲ್ಯಾಕರೇ. ಆ ಸುಟ್ಟ ಲೋಹದ ಬಣ್ಣಕ್ಕೆ ನೀವೆಲ್ಲ ಏನು ಬಳಸುತ್ತೀರಿ?